ಕರೆಂಟ್ ಬಂದ ಮೇಲಿನ ಮೊದಲ ಬ್ಲಾಕ್

ಪುಷ್ಯ ಮಳೆಯಲ್ಲಿ ಸಕಲೇಶಪುರದ ಕಡೆ ಕರೆಂಟ್ ಹೋದರೆ ಯಾವಾಗ ಬರುತ್ತದೆಂದು ಯಾರೂ ಕೇಳುವುದಿಲ್ಲ. ಗಾಳಿಗೆ ಸಿಲ್ವರ್ ಮರ ಲೈನಿನ ಮೇಲೆ ಬಿದ್ದು, ತೋಟದ ಮನೆಯ ಹಳೇ ಕಂಪ್ಯೂಟರಿನಲ್ಲಿ ಓಡುತ್ತಿದ್ದ ನಮ್ಮ ಬಿಟ್‌ಕಾಯಿನ್ ನೋಡ್, ಅಂದರೆ ಬಿಟ್‌ಕಾಯಿನ್ ವಹಿವಾಟಿನ ಲೆಕ್ಕವನ್ನು ಸ್ವತಃ ತಾಳೆ ನೋಡುವ ತಂತ್ರಾಂಶ, ಒಂದೇ ಏಟಿಗೆ ನಿಂತುಹೋಯಿತು. ಮಾರನೇ ದಿನ ಕರೆಂಟ್ ಬಂದಾಗ ನಾನೂ ಚಿಕ್ಕಪ್ಪನ ಮಗನೂ ಅದು ಬರೆದಿಡುವ ದಾಖಲೆಯ, ಅಂದರೆ ಲಾಗ್‌ನ, ಮುಂದೆ ಕೂತೆವು.

ತಪ್ಪಿಹೋದ ಬ್ಲಾಕ್‌ಗಳೆಲ್ಲ (ವಹಿವಾಟುಗಳ ಕಟ್ಟುಗಳು) ಇಳಿದ ಮೇಲೆ ಬಂದ ಹೊಸ ಬ್ಲಾಕಿನ ಸಾಲಿನಲ್ಲಿ, ನಮ್ಮಲ್ಲೇ ಸಿಕ್ಕ ವಹಿವಾಟು ಕೆಲವೇ ನೂರು, ಪಕ್ಕದ ನೋಡ್‌ನಿಂದ ಕೇಳಿ ತರಿಸಿಕೊಂಡದ್ದು ಎರಡು ಸಾವಿರಕ್ಕೂ ಮೇಲೆ ಎಂದಿತ್ತು.

"ಅಣ್ಣಾ, ಪೂರ್ತಿ ಬ್ಲಾಕೇ ಕಳ್ಸಲ್ವಾ ಅವ್ರು?"

ಕಳಿಸುವುದಿಲ್ಲ. 2016ರಲ್ಲಿ ಬಂದ ಕಾಂಪ್ಯಾಕ್ಟ್ ಬ್ಲಾಕ್ ಪದ್ಧತಿಯ ಜೀವಾಳವೇ ಅದು. ವಹಿವಾಟುಗಳು ಬಹುಪಾಲು ಮೊದಲೇ ನೋಡ್‌ಗಳ ಮೆಂಪೂಲ್‌ಗೆ, ಅಂದರೆ ಇನ್ನೂ ಬ್ಲಾಕ್ ಸೇರದವು ಕಾಯುವ ಜಾಗಕ್ಕೆ, ಬಂದು ಕೂತಿರುತ್ತವೆ. ಹಾಗಾಗಿ ಬ್ಲಾಕಿನ ತಲೆಭಾಗವಾದ 80 ಬೈಟಿನ ಹೆಡರ್, ಒಂದೊಂದು ವಹಿವಾಟಿಗೆ 6 ಬೈಟಿನ ಗುರುತು ಕಳಿಸಿದರೆ ಸಾಕು. ಒಂದೂವರೆ ಎಂಬಿಯ ಬ್ಲಾಕ್ 20 ಕೆಬಿ ಆಸುಪಾಸಿನಲ್ಲಿ ಮುಗಿಯುತ್ತದೆ. 2013ರಲ್ಲಿ ಸಂಶೋಧಕರಾದ ಡೆಕ್ಕರ್ ಮತ್ತು ವಾಟನ್‌ಹೋಫರ್ ಅಳೆದಾಗ ಬ್ಲಾಕೊಂದು ನೋಡ್ ತಲುಪಲು ಸರಾಸರಿ 12.6 ಸೆಕೆಂಡ್ ಹಿಡಿಯುತ್ತಿತ್ತು. ತಡವಾದಷ್ಟೂ ಬ್ಲಾಕ್‌ಗಳ ಸರಪಳಿ, ಅಂದರೆ ಚೈನು, ಕವಲೊಡೆಯುವ ಸಂಭವ ಹೆಚ್ಚು. ಅಷ್ಟು ಚಿಕ್ಕ ಗುರುತಿಗೆ ಯಾರಾದರೂ ಬೇಕೆಂದೇ ತಾಳೆಯಾಗುವ ವಹಿವಾಟು ಹುಟ್ಟಿಸಬಹುದಲ್ಲ? ಪ್ರತಿ ಬ್ಲಾಕಿಗೂ ಬೇರೆ ಕೀಲಿಯಿಂದ ಗುರುತು ಲೆಕ್ಕ ಹಾಕುವುದರಿಂದ ಮೊದಲೇ ತಯಾರಿಟ್ಟುಕೊಳ್ಳಲು ಆಗುವುದಿಲ್ಲ. ಇಡೀ ವಿನ್ಯಾಸದಲ್ಲಿ ನನಗೆ ಬಹಳ ಇಷ್ಟವಾದ ಜಾಗ ಇದು.

ಮೆಂಪೂಲ್ ಡಿಸ್ಕಿಗೆ ಬರೆಯಲ್ಪಡುವುದು ನೋಡನ್ನು ಕ್ರಮವಾಗಿ ನಿಲ್ಲಿಸಿದಾಗ. ಕರೆಂಟ್ ಕೈಕೊಟ್ಟರೆ ಅದೂ ಇಲ್ಲ (ಎರಡು ಸಾವಿರ ಕೇಳಿ ತರಿಸಬೇಕಾದದ್ದು ಇದಕ್ಕೇ), ಅದಕ್ಕಿಂತ ಮುಖ್ಯವಾದ ಇನ್ನೊಂದು ಕಡತವೂ ಇಲ್ಲ. ನೋಡ್ ತಾನಾಗಿ ಕಟ್ಟಿಕೊಳ್ಳುವ ಹತ್ತು ಸಂಪರ್ಕಗಳಲ್ಲಿ ಎರಡು ಸಂಪರ್ಕ ಬ್ಲಾಕ್ ಸಾಗಿಸಲಷ್ಟೇ ಮೀಸಲು. ಕ್ರಮವಾಗಿ ನಿಲ್ಲುವಾಗ ಆ ಎರಡರ ವಿಳಾಸವನ್ನು ಈ ಕಡತದಲ್ಲಿ ಬರೆದಿಟ್ಟುಕೊಂಡು, ಏಳುತ್ತಲೇ ಅವರನ್ನೇ ಹುಡುಕಿ ಹೋಗುತ್ತದೆ. ಇದು ಯಾಕೆ ಬೇಕೆಂದು ತೋರಿಸಿದ್ದು 2015ರ ಎಕ್ಲಿಪ್ಸ್ ದಾಳಿಯ ಸಂಶೋಧನೆ: ನೋಡ್ ಮರುಚಾಲೂ ಆಗುವ ಹೊತ್ತಿಗೆ ಕಾದು, ಎಲ್ಲ ಸಂಪರ್ಕಗಳನ್ನೂ ದಾಳಿಕೋರ ತನ್ನದಾಗಿಸಿಕೊಳ್ಳಬಹುದು. ಆಮೇಲೆ ಅವನು ತೋರಿಸಿದ್ದೇ ಚೈನು. 2024ರಿಂದ ತಾನೇ ಚಾಲೂ ಆಗಿರುವ ಎನ್‌ಕ್ರಿಪ್ಷನ್ ನಡುದಾರಿಯಲ್ಲಿ ಕದ್ದು ನೋಡುವವರನ್ನು ತಡೆಯುತ್ತದೆ; ಸುತ್ತುವರಿದವನೇ ಪಕ್ಕದ ನೋಡ್ ಆಗಿದ್ದರೆ ಅದರಿಂದ ಉಪಯೋಗವಿಲ್ಲ.

ಮಲೆನಾಡಿನ ಮನೆಗಳಲ್ಲಿ ಈ ಮರುಚಾಲೂ ಆಗಾಗ ನಡೆಯುವಂಥದ್ದು. ಲೈನಿನ ಕೊನೆಯ ಮನೆಯೂ ಬೇರೆಯವರ ಮಾತು ನಂಬದೆ ಸ್ವತಃ ಲೆಕ್ಕ ನೋಡುವಂತಿರಬೇಕು ಎನ್ನುವ ಆಸೆಗೇ ನಾನಿದನ್ನು ಓಡಿಸುವುದು. ನೋಡ್ ಕ್ರಮವಾಗಿ ನಿಲ್ಲುವಂತಾಗಲು, ಬ್ಯಾಟರಿ ಇಳಿದದ್ದನ್ನು ಯುಎಸ್‌ಬಿ ಮೂಲಕ ಕಂಪ್ಯೂಟರಿಗೆ ತಿಳಿಸುವ ಯುಪಿಎಸ್ ಬೇಕು ಎಂದು ತಮ್ಮನಿಗೆ ಹೇಳಿದೆ. ಸಂಜೆಗೆ ಕೇಳಿ ತರಿಸಿಕೊಳ್ಳುವ ವಹಿವಾಟು ಹತ್ತರೊಳಗೆ ಇಳಿದಿತ್ತು. ಅವನು ಹಾಸನದ ಅಂಗಡಿಗೆ ಫೋನ್ ಮಾಡಿ ಬೆಲೆ ವಿಚಾರಿಸುತ್ತಿದ್ದ.