ಮೆಲ್ಬರ್ನ್ ರೋಟರಿ ಸಮಾವೇಶ: ಟೂರ್ ಪ್ಯಾಕೇಜ್ ಬಿಡಿ, ಆತಿಥೇಯರ ಮನೆಗೆ ಹೋಗಿ

ರೋಟರಿಯ ಅಂತರರಾಷ್ಟ್ರೀಯ ಸಮಾವೇಶ ವರ್ಷಕ್ಕೊಂದು ಊರಿನಲ್ಲಿ ನಡೆಯುತ್ತದೆ. 2023ರ ಮೇ ಕೊನೆಯಲ್ಲಿ ಮೆಲ್ಬರ್ನ್‌ನಲ್ಲಿ ನಡೆದಾಗ ನಮ್ಮ ಬೆಂಗಳೂರಿನ ಕ್ಲಬ್ಬಿನಿಂದ ಕೆಲವರು ಹೋಗಿದ್ದೆವು. ನಾನೂ ನನ್ನ ಹೆಂಡತಿಯೂ ಜೊತೆಗಿದ್ದೆವು. ಮುಂದೆ ಇಂಥ ಸಮಾವೇಶಕ್ಕೆ ಹೊರಡುವವರಿಗೆ ನಾನು ಹೇಳುವುದು ಒಂದೇ ಮಾತು: ಸಭೆ ಮುಗಿದ ಮೇಲೆ ಟೂರ್ ಪ್ಯಾಕೇಜ್ ತಗೊಳ್ಳಬೇಡಿ. ಆ ದಿನಗಳನ್ನು ಅಲ್ಲಿನ ರೋಟರಿಯವರ ಮನೆಯಲ್ಲಿ ಕಳೆಯಿರಿ.

ಇದಕ್ಕೆ ಕ್ಲಬ್ಬಿನ ಕಾರ್ಯದರ್ಶಿಯಿಂದ ಕೆಲವು ತಿಂಗಳು ಮೊದಲೇ ಅಲ್ಲಿನ ಕ್ಲಬ್ಬಿಗೆ ಪತ್ರ ಬರೆಸಿ. ಊಟದ ವಿಷಯ ಬಿಡಿಸಿ ಹೇಳಿ. ಬರೀ ವೆಜಿಟೇರಿಯನ್ ಅಂದರೆ ಸಾಲದು. ಮೊಟ್ಟೆ, ಮೀನು ಬೇಡ, ಹಾಲು ಮೊಸರು ಆಗುತ್ತದೆ ಅಂತಲೇ ಬರೆಯಿರಿ. ನೋಂದಣಿ ಬೇಗ ಮಾಡಿಸಿದಷ್ಟೂ ಶುಲ್ಕ ಕಡಿಮೆ. ವೀಸಾಕ್ಕೂ ಸಮಯ ಸಿಗುತ್ತದೆ.

ಉಡುಗೊರೆಗೆ ನಾವು ಚನ್ನಪಟ್ಟಣದ ಬೊಂಬೆಗಳನ್ನು ಒಯ್ದಿದ್ದೆವು. ಆಸ್ಟ್ರೇಲಿಯಾದಲ್ಲಿ ಮರದ ಸಾಮಾನು, ತಿನ್ನುವ ಪದಾರ್ಥ ಏನೇ ಇದ್ದರೂ ವಿಮಾನದಲ್ಲಿ ಕೊಡುವ ಕಾರ್ಡಿನಲ್ಲಿ ಹೌದು ಅಂತ ಗುರುತು ಹಾಕಬೇಕು. ಹೆದರುವುದು ಬೇಡ. ಅಧಿಕಾರಿ ಒಂದೊಂದೇ ಬೊಂಬೆಯನ್ನು ತಿರುಗಿಸಿ, ಹುಳು ಕೊರೆದ ತೂತು ಇದೆಯಾ ಅಂತ ಬುಡದಲ್ಲಿ ನೋಡಿ, ನಗುತ್ತಾ ವಾಪಸ್ ಕೊಟ್ಟರು. ಹೇಳಿದ್ದಕ್ಕೆ ದಂಡವಿಲ್ಲ, ಮುಚ್ಚಿಟ್ಟರೆ ಭಾರಿ ದಂಡ. ಹಸಿ ಕರಿಬೇವು, ಹಣ್ಣು, ಬಿತ್ತನೆ ಬೀಜ ಮನೆಯಲ್ಲೇ ಬಿಡಿ.

ಮುಖ್ಯ ಸಭೆಗಳು ರಾಡ್ ಲೇವರ್ ಅರೀನಾದಲ್ಲಿ, ಅಂದರೆ ಆಸ್ಟ್ರೇಲಿಯನ್ ಓಪನ್ ಟೆನಿಸ್ ನಡೆಯುವ ಜಾಗದಲ್ಲಿ. ಫ್ಲಿಂಡರ್ಸ್ ಸ್ಟ್ರೀಟ್ ಸ್ಟೇಷನ್‌ನಿಂದ ಯಾರಾ ನದಿ ಪಕ್ಕದಲ್ಲೇ ನಡೆದು ಹೋಗಬಹುದು. ನಗರದ ನಡುಭಾಗದಲ್ಲಿ ಟ್ರಾಮ್ ಉಚಿತ. ಅದರಾಚೆಗೂ ರೈಲಿಗೂ ಆಗ ಮೈಕಿ ಎಂಬ ಪ್ರಯಾಣದ ಕಾರ್ಡ್ ಬೇಕಿತ್ತು.

ಎಲ್ಲ ಭಾಷಣಕ್ಕೂ ಕೂರಬೇಕಿಲ್ಲ. ಹೌಸ್ ಆಫ್ ಫ್ರೆಂಡ್‌ಶಿಪ್ ಎಂಬ ಮಳಿಗೆಗಳ ಸಾಲಿಗೆ ಜಾಸ್ತಿ ಸಮಯ ಕೊಡಿ. ಅಲ್ಲಿ ಪಾಕಿಸ್ತಾನದ ರೋಟೇರಿಯನ್ ಒಬ್ಬರು ನಮ್ಮನ್ನು ನಿಲ್ಲಿಸಿಕೊಂಡರು. ಪೋಲಿಯೊ ಹೋಗಲಾಡಿಸುವುದು ರೋಟರಿಯ ದೊಡ್ಡ ಕೆಲಸ. ಭಾರತದ ಕೊನೆಯ ಪೋಲಿಯೊ ಪ್ರಕರಣ 2011ರ ಜನವರಿಯದು, 2014ರಲ್ಲಿ ನಮಗೆ ಪೋಲಿಯೊಮುಕ್ತ ಪ್ರಮಾಣಪತ್ರ ಸಿಕ್ಕಿತು. ಅವರ ದೇಶದಲ್ಲಿ ಅದು ಇನ್ನೂ ಹೋಗಿಲ್ಲ. ಬೂತಿಗೆ ಬಾರದ ಮಕ್ಕಳನ್ನು ಹೇಗೆ ಹುಡುಕುತ್ತಿದ್ದಿರಿ ಅಂತ ಕೇಳಿದರು. ಮಗುವಿನ ಎಡಗೈ ಕಿರುಬೆರಳಿಗೆ ಶಾಯಿ ಹಚ್ಚುತ್ತಿದ್ದುದು, ಮನೆ ಬಾಗಿಲಿನ ಪಕ್ಕ ಸೀಮೆಸುಣ್ಣದಲ್ಲಿ ಗುರುತು ಬರೆಯುತ್ತಿದ್ದುದು, ಬಿಟ್ಟುಹೋದ ಮನೆಗೆ ಮತ್ತೆ ಹೋಗುತ್ತಿದ್ದುದು, ಎಲ್ಲ ಹೇಳಿದೆ. ಅವರು ಬರೆದುಕೊಂಡರು. ಇಷ್ಟು ದೂರ ಬಂದಿದ್ದು ಸಾರ್ಥಕ ಅನ್ನಿಸಿತು.

ಸಮಾವೇಶದ ನಂತರ ನಾವು ಉಳಿದದ್ದು ಊರಾಚೆಯ ನಿವೃತ್ತ ದಂಪತಿಯ ಮನೆಯಲ್ಲಿ. ರಾತ್ರಿ ಊಟ ಆರೂವರೆಗೇ, ಹೇಳಿದ ಹೊತ್ತಿಗೆ ಹಾಜರಿರಿ. ನಮ್ಮ ಹಾಗೆ ಇನ್ನೊಂಚೂರು ಹಾಕಿಸಿಕೊಳ್ಳಿ ಅಂತ ಉಪಚಾರ ಮಾಡುವುದಿಲ್ಲ. ಸಂಕೋಚಪಟ್ಟರೆ ಹಸಿದುಕೊಂಡೇ ಮಲಗಬೇಕಾದೀತು, ಕೇಳಿ ಹಾಕಿಕೊಳ್ಳಿ. ಊಟವಾದ ಮೇಲೆ ಪಾತ್ರೆ ಒರೆಸಲು ನಿಂತರೆ ಅವರಿಗೆ ಖುಷಿ. ಮಾತು ಬೆಳೆಯುವುದೂ ಆಗಲೇ. ಒಂದು ದಿನ ಅಡುಗೆ ನೀವೇ ಮಾಡಿ. ನನ್ನ ಹೆಂಡತಿ ಚಿತ್ರಾನ್ನ ಮಾಡಿದಳು, ಇಬ್ಬರೂ ಎರಡನೇ ಸಲ ಹಾಕಿಸಿಕೊಂಡರು. ಒಗ್ಗರಣೆಗೆ ಮೊದಲು ಮಾತ್ರ ಫ್ಯಾನ್ ಹಾಕಿ, ಕಿಟಕಿ ತೆಗೆಯಿರಿ, ಇಲ್ಲದಿದ್ದರೆ ಹೊಗೆಯ ಅಲಾರಂ ಕೂಗುತ್ತದೆ. ಪೆಟ್ರೋಲಿಗೆ ದುಡ್ಡು ಕೊಟ್ಟರೆ ತಗೊಳ್ಳುವುದಿಲ್ಲ. ಹೋದ ಕಡೆ ಟಿಕೆಟ್ಟೋ ಮಧ್ಯಾಹ್ನದ ಊಟವೋ ನೀವು ನೋಡಿಕೊಳ್ಳಿ.

ಫಿಲಿಪ್ ಐಲ್ಯಾಂಡ್‌ಗೆ ಅವರೇ ಕರೆದುಕೊಂಡು ಹೋದರು. ಕತ್ತಲಾಗುತ್ತಿದ್ದಂತೆ ಒಂದಡಿ ಎತ್ತರದ ಪೆಂಗ್ವಿನ್‌ಗಳು ಗುಂಪುಗುಂಪಾಗಿ ಸಮುದ್ರದಿಂದ ಎದ್ದು ಬರುತ್ತವೆ. ಫೋಟೊ ತೆಗೆಯುವಂತಿಲ್ಲ, ಸುಮ್ನೆ ನೋಡಬೇಕು. ಗಾಳಿ ಕೊರೆಯುತ್ತದೆ, ದಪ್ಪ ಜಾಕೆಟ್, ಟೋಪಿ ಇರಲಿ.

ಕಡಲ ಪಕ್ಕದಲ್ಲೇ ಸಾಗುವ ಗ್ರೇಟ್ ಓಷನ್ ರೋಡ್ ಮಾತ್ರ ಒಂದೇ ದಿನದಲ್ಲಿ ಮುಗಿಸಲು ಹೋಗಬೇಡಿ. ಮೇ ಕೊನೆಯಲ್ಲಿ ಅಲ್ಲಿ ಸಂಜೆ ಐದು ದಾಟುತ್ತಿದ್ದಂತೆ ಸೂರ್ಯ ಮುಳುಗುತ್ತಾನೆ. ಮೊದಲ ಮಹಾಯುದ್ಧದಿಂದ ಮರಳಿದ ಸೈನಿಕರು 1919ರಿಂದ 1932ರವರೆಗೆ ಕಡಿದು ಮಾಡಿದ ರಸ್ತೆ ಅದು. ನಮ್ಮ ಆತಿಥೇಯರು ಸ್ಮಾರಕ ಕಮಾನಿನ ಹತ್ತಿರ ಕಾರು ನಿಲ್ಲಿಸಿ ಆ ಕತೆ ಹೇಳಿದರು. ಅಪೋಲೊ ಬೇಯಲ್ಲಿ ರಾತ್ರಿ ಉಳಿದು, ಬೆಳಿಗ್ಗೆ ಸಮುದ್ರದಲ್ಲಿ ಎದ್ದು ನಿಂತ ಟ್ವೆಲ್ವ್ ಅಪಾಸಲ್ಸ್ ಬಂಡೆಗಳನ್ನು ನೋಡಲು ಹೋಗಿ. ಬಸ್ಸುಗಳು ಮೆಲ್ಬರ್ನ್‌ನಿಂದ ಬಂದು ಸೇರುವ ಮೊದಲೇ ಆರಾಮಾಗಿ ನೋಡಬಹುದು.