ಪುಸ್ತಕದ ಎರಡನೇ ಪುಟದ ವಿಳಾಸ

ಚಿಕ್ಕವನಿದ್ದಾಗ ಧಾರವಾಡ ಅಂದರೆ ನನಗೆ ಪುಸ್ತಕದ ಎರಡನೇ ಪುಟದಲ್ಲಿರುವ ಊರು. ಬೇಸಿಗೆ ರಜೆಗೆ ದಾವಣಗೆರೆಯಿಂದ ಅಜ್ಜನ ಮನೆಗೆ ಹೋಗುತ್ತಿದ್ದೆವು. ರೋಣದ ಹತ್ತಿರದ ಹಳ್ಳಿ. ಅಜ್ಜ ಅಲ್ಲಿ ಕನ್ನಡ ಸಾಲಿ ಮಾಸ್ತರು. ಮಧ್ಯಾಹ್ನ ಎಲ್ಲರೂ ಮಲಗಿದ ಮೇಲೆ ಮಾಡೋಕೆ ಏನೂ ಇರುತ್ತಿರಲಿಲ್ಲ. ಅಜ್ಜನ ಗೂಡಿನಿಂದ ಒಂದೊಂದೇ ಪುಸ್ತಕ ಎಳೆದು, ಅರ್ಥವಾಗದ ಒಳಗಿನ ಪುಟ ಬಿಟ್ಟು, ಮೊದಲ ಎರಡು ಪುಟ ಓದುತ್ತಿದ್ದೆ. ಒಂದರಲ್ಲಿ ಸಮಾಜ ಪುಸ್ತಕಾಲಯ, ಶಿವಾಜಿ ಬೀದಿ, ಧಾರವಾಡ. ಇನ್ನೊಂದರಲ್ಲಿ ಮನೋಹರ ಗ್ರಂಥಮಾಲಾ, ಲಕ್ಷ್ಮೀ ಭವನ, ಸುಭಾಸ ರಸ್ತೆ, ಧಾರವಾಡ. ಪುಸ್ತಕ ಅಂದರೆ ಆ ಊರಲ್ಲಿ ಬೆಳೆಯುವ ಏನೋ ಒಂದು ಪೀಕು, ಬ್ಯಾಡಗಿಯಲ್ಲಿ ಮೆಣಸಿನಕಾಯಿ ಇದ್ದ ಹಾಗೆ ಅಂತ ಅಂದುಕೊಂಡಿದ್ದೆ. ದೊಡ್ಡವನಾದ ಮೇಲೆ ನೋಡಿದರೆ ಆ ಲೆಕ್ಕ ಅಷ್ಟೇನೂ ತಪ್ಪಾಗಿರಲಿಲ್ಲ.

ನನ್ನ ಕೆಲಸ ಆಡಿಟ್. ಬಿಲ್ಲು, ದಿನಾಂಕ, ವಿಳಾಸ ತಾಳೆ ನೋಡೋದು. ಜುಲೈ ಕೊನೆಯಲ್ಲಿ ಹುಬ್ಬಳ್ಳಿಯಲ್ಲಿ ಮೂರು ದಿನದ ಕೆಲಸವಿತ್ತು, ಎರಡೇ ದಿನಕ್ಕೆ ಮುಗಿಯಿತು. ಮೂರನೇ ದಿನ ಬೆಳಗ್ಗೆ ಚಿಗರಿ ಬಸ್ಸು ಹತ್ತಿ ಧಾರವಾಡಕ್ಕೆ ಹೊರಟೆ. ಚೀಲದಲ್ಲಿ ಅಜ್ಜನ ಒಂದು ಪುಸ್ತಕ ಇತ್ತು. ಬೆಂಗಳೂರಿಂದ ಹೊರಡುವಾಗಲೇ ಇಟ್ಟುಕೊಂಡಿದ್ದೆ, ಯಾಕೆ ಅಂತ ಮನೆಯಲ್ಲಿ ಹೇಳಿರಲಿಲ್ಲ.

ಧಾರವಾಡದಲ್ಲಿ ಇಳಿದಾಗ ಜಿಟಿಜಿಟಿ ಮಳೆ. ಸುರಿಯೋದೂ ಇಲ್ಲ, ನಿಲ್ಲೋದೂ ಇಲ್ಲ. ಆಟೋದವರಿಗೆ ‘ಬೇಂದ್ರೆ’ ಅಂದೆ.

‘ಯಾವ ಬೇಂದ್ರೆರೀ? ಬಸ್ಸೋ, ಅಜ್ಜಾರೋ?’

ಹುಬ್ಬಳ್ಳಿ ಧಾರವಾಡದ ನಡುವೆ ಓಡಾಡಿದ ಖಾಸಗಿ ಬಸ್ಸುಗಳಿಗೂ ಬೇಂದ್ರೆ ಅಂತಲೇ ಹೆಸರು. ‘ಬೇಂದ್ರೆ ಬಂತು, ಬೇಂದ್ರೆ ತಪ್ತು’ ಅಂತ ಜನ ಆಡಿಕೊಳ್ಳುವ ಊರು ಇದು. ‘ಅಜ್ಜಾರ ಮನಿಗೆ’ ಅಂದೆ. ‘ಹಂಗ ಹೇಳ್ರಿ ಮತ್ತ, ಕುಂಡ್ರಿ’ ಅಂದರು.

ಸಾಧನಕೇರಿ ಈಗ ಊರಿನ ಒಳಗೇ ಸೇರಿಹೋಗಿದೆ. ಕೆರೆಯ ಸುತ್ತ ಉದ್ಯಾನ ಮಾಡಿದ್ದಾರೆ. ಮಳೆಯಲ್ಲೂ ಇಬ್ಬರು ಹೆಂಗಸರು ಕೊಡೆ ಹಿಡಿದು ವಾಕಿಂಗ್ ಮಾಡುತ್ತಿದ್ದರು, ಸೊಸೆ ಮಾಡಿದ ಉಪ್ಪಿಟ್ಟಿನ ಬಗ್ಗೆ ಜೋರು ಚರ್ಚೆ. ನಾನು ನೀರಿನ ಕಡೆ ತಿರುಗಿ ನಿಂತೆ.

‘ಬಾರೊ ಸಾಧನಕೇರಿಗೆ’ ಹಾಡನ್ನು ನಾವು ಪ್ರೈಮರಿ ಶಾಲೆಯಲ್ಲಿ ಕುಣಿಯುತ್ತಾ ಹಾಡುತ್ತಿದ್ದೆವು. ಅದರಲ್ಲಿ ‘ಹಸುರು ಏರಿದೆ ಏರಿಗೆ’ ಅನ್ನೋ ಸಾಲು ಬರುತ್ತೆ. ತೇರಿಗೆ, ಏರಿಗೆ, ಊರಿಗೆ, ದಾರಿಗೆ ಅಂತ ಪ್ರಾಸ ಉರುಳಿಕೊಂಡು ಹೋಗುವಾಗ ಆ ‘ಏರಿಗೆ’ ಏನು ಅಂತ ಯಾರೂ ಕೇಳಲಿಲ್ಲ, ಯಾರೂ ಹೇಳಲೂ ಇಲ್ಲ. ಅದೂ ಒಂದು ಪ್ರಾಸ ಅಷ್ಟೇ ಅಂತ ನಲವತ್ತು ವರ್ಷ ಬದುಕಿದ್ದೆ. ಈಗ ಮಳೆಗೆ ನೆನೆದ ಕೆರೆಯ ದಂಡೆ ನೋಡುತ್ತಾ ತಟ್ಟನೆ ಹೊಳೆಯಿತು. ಏರಿ ಅಂದರೆ ಕೆರೆ ಏರಿ! ಹುಲ್ಲು ನೀರಿನ ಅಂಚಿನಿಂದ ಮೇಲಕ್ಕೆ ಹತ್ತಿಕೊಂಡು ಬಂದಿತ್ತು. ಕವಿ ಕಂಡದ್ದನ್ನು ಕಂಡ ಹಾಗೇ ಬರೆದಿದ್ದಾರೆ, ಕಲ್ಪನೆ ಏನೂ ಇಲ್ಲ ಇದರಲ್ಲಿ. ನನಗೆ ಒಂಥರಾ ನಾಚಿಕೆ ಆಯಿತು. ಆಡಿಟರ್ ಅಂತೆ.

ಬೇಂದ್ರೆಯವರ ಮನೆ ಅಲ್ಲೇ, ಹೆಸರು ಶ್ರೀಮಾತಾ. ಪಕ್ಕದಲ್ಲಿ ಅವರ ಹೆಸರಿನ ಭವನ. ಒಳಗೆ ಫೋಟೋಗಳಲ್ಲಿ ಅದೇ ಟೋಪಿ, ಅದೇ ಕೋಟು. 1896ರಲ್ಲಿ ಇದೇ ಧಾರವಾಡದಲ್ಲಿ ಹುಟ್ಟಿದ್ದು. ಮನೆಮಾತು ಮರಾಠಿ. ತಾಯಿ ಅಂಬಿಕೆ, ಮಗ ‘ಅಂಬಿಕಾತನಯದತ್ತ’. ಇದೆಲ್ಲಾ ಪಠ್ಯಪುಸ್ತಕದಲ್ಲಿ ಬರುತ್ತೆ. ನನಗೆ ಆ ಫೋಟೋಗಳ ಮುಂದೆ ನಿಂತಾಗ ನೆನಪಾದದ್ದು ಬೇರೆ. ‘ನೀ ಹೀಂಗ ನೋಡಬ್ಯಾಡ ನನ್ನ’ ಪ್ರೇಮಗೀತೆ ಅಂದುಕೊಂಡು ನಾವು ಕಾಲೇಜಿನಲ್ಲಿ ಹುಡುಗಿಯರ ಮುಂದೆ ಹಾಡಿದ್ದೆವು. ಅದು ಮಗು ತೀರಿಕೊಂಡಾಗ ಹೆಂಡತಿಯ ಮುಖ ನೋಡಲಾಗದೆ ಗಂಡ ಆಡಿದ ಮಾತು. ಹುಟ್ಟಿದ ಮಕ್ಕಳಲ್ಲಿ ಹೆಚ್ಚಿನವರನ್ನು ಕಳೆದುಕೊಂಡ ಮನೆ ಅವರದು. ‘ನರಬಲಿ’ ಕವಿತೆಗೆ ಬ್ರಿಟಿಷ್ ಸರ್ಕಾರ ಜೈಲಿಗೆ ಹಾಕಿತ್ತು, ಆಮೇಲೆ ಮುಗದ ಅನ್ನೋ ಊರಲ್ಲಿ ಇರಿಸಿತ್ತು. ಕೆಲಸ ಅರಸಿ ಸೊಲ್ಲಾಪುರಕ್ಕೂ ಹೋಗಬೇಕಾಯಿತು. 1944ರಿಂದ 1956ರವರೆಗೆ ಅಲ್ಲಿನ ಕಾಲೇಜಿನಲ್ಲಿ ಪಾಠ ಮಾಡಿದರು. ಇಷ್ಟೆಲ್ಲಾ ಗೊತ್ತಿದ್ದೂ ಆ ಸಾಧನಕೇರಿ ಹಾಡನ್ನು ಮತ್ತೆ ಕುಣಿಯುತ್ತಾ ಹಾಡೋಕೆ ಆಗುತ್ತಾ? ಆಗುತ್ತೆ ಅಂತಲೇ ನನಗೆ ಅನಿಸುತ್ತೆ. ಅವರ ಕವಿತೆಯಲ್ಲಿ ಕುಣಿತ ಎಲ್ಲಿ ನಿಂತಿದೆ ಹೇಳಿ?

1922ರ ಸುಮಾರಿಗೆ ಈ ಊರಲ್ಲಿ ‘ಗೆಳೆಯರ ಗುಂಪು’ ಕಟ್ಟಿದರು. ಗೋಕಾಕ, ಮುಗಳಿ, ಬೆಟಗೇರಿ ಕೃಷ್ಣಶರ್ಮ, ಶಂಬಾ ಜೋಶಿ, ಮಧುರಚೆನ್ನ. ಆ ಹೆಸರು ನನಗೆ ತುಂಬಾ ಇಷ್ಟ. ಪರಿಷತ್ತು, ಅಕಾಡೆಮಿ, ಪ್ರತಿಷ್ಠಾನ ಅಲ್ಲ. ಸುಮ್ನೆ ಗೆಳೆಯರು, ಗುಂಪು.

ಅಲ್ಲಿಂದ ಕರ್ನಾಟಕ ವಿದ್ಯಾವರ್ಧಕ ಸಂಘಕ್ಕೆ ಹೋದೆ. ಒಳಗೆ ಸಭೆ ನಡೆಯುತ್ತಿತ್ತು, ಶಾಲು ಹೊದಿಸುವ ಹಂತದಲ್ಲಿತ್ತು. ಹಾಗಾಗಿ ಬಾಗಿಲಲ್ಲೇ ನಿಂತು ನೋಡಿ ಬಂದೆ. 1890ರಲ್ಲಿ ರಾ.ಹ. ದೇಶಪಾಂಡೆ ಇದನ್ನು ಕಟ್ಟುವಾಗ ಇದು ಮುಂಬಯಿ ಪ್ರಾಂತ್ಯ. ಶಾಲೆ, ಕಚೇರಿ ಎಲ್ಲಾ ಕಡೆ ಮರಾಠಿಯ ಜೋರು. ಕನ್ನಡದಲ್ಲಿ ಪುಸ್ತಕ ಬರೆಸಬೇಕು, ಬರೆದವರಿಗೆ ದುಡ್ಡು ಕೊಡಬೇಕು, ಅಚ್ಚು ಹಾಕಿಸಬೇಕು ಅಂತ ಹೊರಟವರು. ‘ಸಿರಿಗನ್ನಡಂ ಗೆಲ್ಗೆ’ ಅನ್ನೋ ಘೋಷಣೆ ಅವರದೇ. ಆ ಮಾತನ್ನು ನಾವು ಈಗ ಆಟೋ ಹಿಂದೆ ಬರೆಸುತ್ತೇವೆ. ಆಗ ಅದು ಗೆಲ್ಲುತ್ತೆ ಅನ್ನೋ ಖಾತ್ರಿ ಇರಲಿಲ್ಲ.

ಕಲ್ಯಾಣನಗರಕ್ಕೂ ಹೋದೆ. ಹೋಗಲೋ ಬೇಡವೋ ಅಂತ ಆಟೋದಲ್ಲಿ ಸ್ವಲ್ಪ ಯೋಚನೆ ಮಾಡಿದ್ದೆ. ಚೆನ್ನವೀರ ಕಣವಿಯವರು 2022ರಲ್ಲಿ ತೀರಿಕೊಳ್ಳುವ ತನಕ ಇದ್ದ ಬಡಾವಣೆ ಅದು. 2015ರ ಆಗಸ್ಟ್ 30ರ ಬೆಳಗ್ಗೆ ಎಂ.ಎಂ. ಕಲಬುರ್ಗಿಯವರನ್ನು ಅವರ ಮನೆಯ ಬಾಗಿಲಲ್ಲೇ ಗುಂಡಿಟ್ಟು ಕೊಂದದ್ದೂ ಇದೇ ಬಡಾವಣೆಯಲ್ಲಿ. ವಚನಗಳ ತಾಳೆಗರಿ, ಶಾಸನ ಅಂತ ಬದುಕೆಲ್ಲಾ ಕಳೆದ ಮನುಷ್ಯ. ಬಾಗಿಲು ಬಡಿದವರಿಗೆ ಬಾಗಿಲು ತೆರೆಯುವ ಊರು ಇದು, ಮೇಷ್ಟ್ರ ಮನೆ ಅಂದರೆ ಇನ್ನೂ ಜಾಸ್ತಿ. ಮನೆ ಎಲ್ಲಿ ಅಂತ ನಾನು ಯಾರನ್ನೂ ಕೇಳಲಿಲ್ಲ. ಒಂದು ರಸ್ತೆ ನಡೆದು, ತಿರುಗಿ ಬಂದೆ. ಎಲ್ಲ ಕಾಂಪೌಂಡಿನಲ್ಲೂ ದಾಸವಾಳ ಮಳೆಗೆ ಬಾಗಿತ್ತು.

ಲೈನ್ ಬಜಾರಿನಲ್ಲಿ ಪೇಡೆಗೆ ಸರತಿ ನಿಂತದ್ದು ಅರ್ಧ ಗಂಟೆ. ಅದರ ಬಗ್ಗೆ ಬೇರೆಯವರು ಬೇಕಾದಷ್ಟು ಬರೆದಿದ್ದಾರೆ. ನಾನು ಅರ್ಧ ಕೆಜಿ ತಗೊಂಡೆ.

ಮಳೆ ನಿಂತಾಗ ನಾಲ್ಕು ಗಂಟೆ. ಇನ್ನು ಉಳಿದದ್ದು ಸುಭಾಸ ರಸ್ತೆ.

ಚೀಲದಲ್ಲಿದ್ದ ಪುಸ್ತಕ ಗಿರೀಶ ಕಾರ್ನಾಡರ ‘ತುಘಲಕ್’. ಮನೋಹರ ಗ್ರಂಥಮಾಲೆಯಿಂದ 1964ರಲ್ಲಿ ಬಂದದ್ದು. ಗ್ರಂಥಮಾಲೆ ಶುರುವಾದದ್ದು 1933ರಲ್ಲಿ, ಜಿ.ಬಿ. ಜೋಶಿಯವರಿಂದ. ‘ಜಡಭರತ’ ಅನ್ನೋ ಹೆಸರಲ್ಲಿ ತಾವೂ ನಾಟಕ ಬರೆಯುತ್ತಿದ್ದರು. ಅಂಗಡಿಯಲ್ಲಿ ಪುಸ್ತಕ ಇಟ್ಟುಕೊಂಡು ಗಿರಾಕಿಗೆ ಕಾಯುವ ವ್ಯವಹಾರ ಅಲ್ಲ ಅದು. ಊರೂರಿನಲ್ಲಿ ಚಂದಾದಾರರು, ಅವರಿಗೆ ಅಂಚೆಯಲ್ಲಿ ಪುಸ್ತಕ. ನನ್ನ ಅಜ್ಜ ಅಂಥ ಒಬ್ಬ ಚಂದಾದಾರ. ಪೋಸ್ಟ್‌ಮನ್ ಕಟ್ಟು ತಂದ ದಿನ ಅಜ್ಜಿಗೆ ಸಿಟ್ಟು ಬರುತ್ತಿತ್ತಂತೆ. ಆ ರಾತ್ರಿ ಚಿಮಣಿ ಎಣ್ಣೆ ಪೂರ್ತಿ ಖಾಲಿ.

ಪುಸ್ತಕದ ಮೊದಲ ಪುಟದಲ್ಲಿ ಅಜ್ಜನ ಹೆಸರು ನೇರಳೆ ಶಾಯಿಯಲ್ಲಿದೆ. ಕೆಳಗೆ ಊರು, ‘ತಾ. ರೋಣ, ಜಿ. ಧಾರವಾಡ’. 1997ರಲ್ಲಿ ಗದಗ ಜಿಲ್ಲೆ ಆದ ಮೇಲೆ ಆ ವಿಳಾಸ ತಪ್ಪು. ಕೊನೆಯ ಪುಟದಲ್ಲಿ ಪೆನ್ಸಿಲಿನಿಂದ ಮೂರು ಸಾಲು ಬರೆದಿದ್ದಾರೆ. ಮಾಸ್ತರ ದುಂಡಗಿನ ಅಕ್ಷರ.

‘ಎರಡು ರಾತ್ರಿ. ಮಳಿ ಇಲ್ಲ. ಹುಚ್ಚ ದೊರಿ, ಶ್ಯಾಣ್ಯಾ ದೊರಿ.’

ತುಘಲಕನ ಮೇಲೆ ಬಂದಿರುವ ದೊಡ್ಡ ದೊಡ್ಡ ಲೇಖನ ಕೆಲವು ಓದಿದ್ದೇನೆ. ಅಜ್ಜನ ಆ ನಾಲ್ಕು ಪದ ನನಗೆ ಸಾಕು ಅನಿಸುತ್ತೆ. ಮಧ್ಯೆ ‘ಆದರೆ’ ಅಂತ ಹಾಕಿಲ್ಲ ನೋಡಿ, ಅದೇ ಅದರ ಸೊಗಸು.

ಇನ್ನೊಂದು ವಿಷಯ ನನಗೆ ಆವತ್ತು ಆಟೋದಲ್ಲಿ ಕೂತು ಲೆಕ್ಕ ಹಾಕುವಾಗ ಸಿಕ್ಕಿತು. ಬೇಂದ್ರೆಯವರ ‘ನಾಕುತಂತಿ’ ಕೂಡ 1964ರದ್ದೇ. 68 ವರ್ಷದ ಬೇಂದ್ರೆ, 26 ವರ್ಷದ ಕಾರ್ನಾಡ, ಒಂದೇ ವರ್ಷದ ಪುಸ್ತಕಗಳು. ‘ನಾಕುತಂತಿ’ಗೆ 1973ರಲ್ಲಿ ಜ್ಞಾನಪೀಠ ಬಂತು. ಒಂದು ವರ್ಷದ ಜಮಾಖರ್ಚು ಹೀಗಿದ್ದರೆ ಯಾವ ಆಡಿಟರ್ ಆದರೂ ಕಣ್ಣು ಮುಚ್ಚಿ ಸಹಿ ಹಾಕುತ್ತಾನೆ.

ಲಕ್ಷ್ಮೀ ಭವನ ಹುಡುಕೋಕೆ ಮೂರು ಜನರನ್ನು ಕೇಳಬೇಕಾಯಿತು. ಪಾತ್ರೆ ಅಂಗಡಿಯವರು ಒಬ್ಬರು, ‘ಅಟ್ಟಕ್ಕ ಹೋಗೋರೇನ್ರಿ? ಮೊದಲ ಹೇಳಬಾರದ?’ ಅಂತ ಕೈ ತೋರಿಸಿದರು. ಅಟ್ಟ. ಗ್ರಂಥಮಾಲೆಗೆ ಇಲ್ಲಿ ಅದೇ ಹೆಸರು. ಕಡಿದಾದ ಮೆಟ್ಟಿಲು. ಒದ್ದೆ ಚಪ್ಪಲಿ ಜಾರುತ್ತಿತ್ತು, ಅದಕ್ಕೆ ಚಪ್ಪಲಿ ಕೈಯಲ್ಲಿ ಹಿಡಿದುಕೊಂಡೇ ಹತ್ತಿದೆ. ಯಾರಾದರೂ ನೋಡಿದ್ದರೆ ಗುಡಿಗೆ ಹೊರಟವನು ಅಂದುಕೊಳ್ಳುತ್ತಿದ್ದರು. ನಾನು ಬೀಳುವ ಭಯಕ್ಕೆ ಹಾಗೆ ಮಾಡಿದ್ದು.

ಕಾರ್ನಾಡರ ಮೊದಲ ನಾಟಕ ‘ಯಯಾತಿ’ ಇಲ್ಲಿಂದಲೇ 1961ರಲ್ಲಿ ಅಚ್ಚಾದದ್ದು. ಅನಂತಮೂರ್ತಿಯವರ ‘ಸಂಸ್ಕಾರ’ 1965ರಲ್ಲಿ. ಎ.ಕೆ. ರಾಮಾನುಜನ್ ಅವರ ‘ಹೊಕ್ಕುಳಲ್ಲಿ ಹೂವಿಲ್ಲ’ 1969ರಲ್ಲಿ. ಯಾವುದನ್ನು ಅಚ್ಚು ಹಾಕಬೇಕು ಅಂತ ಜೋಶಿಯವರಿಗೆ ಸಲಹೆ ಕೊಡುತ್ತಿದ್ದವರು ಕೀರ್ತಿನಾಥ ಕುರ್ತಕೋಟಿ. ಹಸ್ತಪ್ರತಿ ಹಿಡಿದುಕೊಂಡು ಈ ಮೆಟ್ಟಿಲು ಹತ್ತುವ ಹುಡುಗರಿಗೆ ಎದೆ ಹೊಡೆದುಕೊಳ್ಳುತ್ತಿದ್ದದ್ದು ಮೆಟ್ಟಿಲಿಗೋ ಕುರ್ತಕೋಟಿಯವರಿಗೋ ಅಂತ ಯೋಚಿಸುತ್ತಾ ಹತ್ತಿದೆ. ಕಾರ್ನಾಡರು 2011ರಲ್ಲಿ ತಮ್ಮ ಆತ್ಮಕಥೆಯನ್ನೂ ಇದೇ ಅಟ್ಟಕ್ಕೆ ಕೊಟ್ಟರು. ‘ಯಯಾತಿ’ಯಿಂದ ಸರಿಯಾಗಿ ಐವತ್ತು ವರ್ಷ. ಹೆಸರು ‘ಆಡಾಡತ ಆಯುಷ್ಯ’, ಅದೂ ಬೇಂದ್ರೆಯವರ ಸಾಲಿನಿಂದ ತಗೊಂಡದ್ದು. ಈ ಊರಲ್ಲಿ ಯಾವ ದಾರ ಎಳೆದರೂ ಇನ್ನೊಂದು ತುದಿ ಸಾಧನಕೇರಿಯಲ್ಲಿ ಸಿಗುತ್ತೆ.

ಮೇಲೆ ಪುಸ್ತಕಗಳ ರಾಶಿ, ಒದ್ದೆ ಕಾಗದದ ವಾಸನೆ. ಒಬ್ಬರು ಕೂತಿದ್ದರು. ‘ಬರ್ರಿ, ಕೂಡ್ರಿ’ ಅಂದರು, ಏನು ಬೇಕು ಅಂತ ಕೇಳಲಿಲ್ಲ. ನಾನು ಪುಸ್ತಕ ತೆಗೆದು ಅವರ ಮುಂದೆ ಇಟ್ಟೆ. ಅವರು ಮೊದಲು ನೋಡಿದ್ದು ಬೆನ್ನಿನ ಹೊಲಿಗೆ. ಆಮೇಲೆ ಅಜ್ಜನ ಹೆಸರು, ಊರು, ತಾಲೂಕು ಗಟ್ಟಿಯಾಗಿ ಓದಿದರು, ಹಾಜರಿ ಕರೆದ ಹಾಗೆ. ಕೊನೆಯ ಪುಟ ತೆಗೆದು ಪೆನ್ಸಿಲ್ ಸಾಲಿಗೆ ಬಂದಾಗ ಕನ್ನಡಕ ಸರಿ ಮಾಡಿಕೊಂಡರು.

‘ಮಾಸ್ತರೇನ್ರಿ ಇವರು?’

‘ಹೌದ್ರಿ. ಹೆಂಗ ಗೊತ್ತಾತು?’

‘ಮಳಿ ಬರದಾರಲ್ಲ. ರೈತ್ರ ಮಕ್ಕಳು ಸಾಲಿಗೆ ಬರೂದು ಮಳಿ ಮ್ಯಾಲ.’

ಇಷ್ಟು ವರ್ಷ ಆ ‘ಮಳಿ ಇಲ್ಲ’ ಅನ್ನೋದನ್ನು ನಾನು ಅಜ್ಜನ ಡೈರಿ ಚಟ ಅಂದುಕೊಂಡಿದ್ದೆ. ಮಳೆ ಇಲ್ಲದಿದ್ದರೆ ಹೊಲದಲ್ಲಿ ಕೆಲಸ ಇಲ್ಲ, ಹುಡುಗರೆಲ್ಲಾ ಶಾಲೆಗೆ ಬರುತ್ತಾರೆ, ಮಾಸ್ತರಿಗೆ ಓದೋಕೆ ರಾತ್ರಿ ಮಾತ್ರ ಉಳಿಯುತ್ತೆ. ಅದಕ್ಕೇ ಎರಡು ರಾತ್ರಿ. ಇರಬಹುದು, ಇಲ್ಲದಿರಲೂಬಹುದು. ಆದರೆ ನನಗೆ ಹೊಳೆಯದ ಲೆಕ್ಕ ಅದು.

ಚಹಾ ಬಂತು. ರೋಣದ ಕಡೆ ಈ ಸಲ ಮಳೆ ಹೇಗಿದೆ ಅಂತ ಕೇಳಿದರು. ನನಗೆ ಗೊತ್ತಿರಲಿಲ್ಲ. ಅಲ್ಲಿಗೆ ಹೋಗಿ ಒಂಬತ್ತು ವರ್ಷ ಆಯಿತು ಅನ್ನೋದನ್ನು ಹೇಳಲಿಲ್ಲ.

ಏಳುವ ಮುಂಚೆ ‘ಆಡಾಡತ ಆಯುಷ್ಯ’ ಒಂದು ಪ್ರತಿ ಕೊಡಿ ಅಂದೆ. ಮನೆಯಲ್ಲಿ ಆಗಲೇ ಒಂದು ಇದೆ, ಇರಲಿ. ಅವರು ಹಳೆಯ ಪೇಪರಿನಲ್ಲಿ ಸುತ್ತಿ, ದಾರ ಕಟ್ಟಿ, ಬಿಲ್ ಪುಸ್ತಕ ಎಳೆದುಕೊಂಡರು.

‘ಯಾರ ಹೆಸರಿಗೆ ಬರೀಲಿ?’

ಅಜ್ಜನ ಹೆಸರು ಹೇಳಿದೆ. ಅವರು ತಲೆ ಎತ್ತದೆ ಬರೆದರು. ಊರು ಕೇಳಲಿಲ್ಲ, ಅದು ಆಗಲೇ ಗೊತ್ತಿತ್ತು.

‘ಫೋನ್ ನಂಬರ್ರಿ?’

ಅದು ಮಾತ್ರ ನನ್ನದು ಕೊಟ್ಟೆ.