‘ಯಾವ ನಾಟಕ ಮಾಡೋಣ?’ ಎಂದು ಕೇಳುವ ವಿದ್ಯಾರ್ಥಿಗಳಿಗೆ

ವಿದ್ಯಾರ್ಥಿ ರಂಗತಂಡವೊಂದರ ಸಣ್ಣ ಪ್ರಯೋಗಗಳ ಸಂಯೋಜನೆಯನ್ನು ನಾನು ನೋಡಿಕೊಳ್ಳುತ್ತೇನೆಂದು ತಿಳಿದವರು ಪ್ರತಿ ಶೈಕ್ಷಣಿಕ ವರ್ಷದ ಆರಂಭದಲ್ಲಿ ತಪ್ಪದೆ ಕೇಳುವ ಪ್ರಶ್ನೆಯೊಂದಿದೆ: ‘ಸರ್, ಕಾಲೇಜಿನಲ್ಲಿ ಒಂದು ಚಿಕ್ಕ ನಾಟಕ ಮಾಡಬೇಕೆಂದಿದ್ದೇವೆ, ಯಾವುದನ್ನು ತೆಗೆದುಕೊಳ್ಳೋಣ?’ ಒಂದು ಹೆಸರು ಹೇಳಿ ಕಳುಹಿಸಿದರೆ ಅವರಿಗೆ ಸಮಾಧಾನವಾಗುತ್ತದೆ, ನಿಜ. ಆದರೆ ನಾನು ಮೊದಲು ವಿಚಾರಿಸುವುದು ಅವರ ಪರೀಕ್ಷೆಗಳ ವೇಳಾಪಟ್ಟಿಯನ್ನು ಮತ್ತು ಅವರೂರಿನ ಕಡೆಗೆ ಹೋಗುವ ಕೊನೆಯ ಬಸ್ಸು ಎಷ್ಟು ಹೊತ್ತಿಗೆ ಎಂಬುದನ್ನು. ವಿದ್ಯಾರ್ಥಿ ತಂಡಗಳಲ್ಲಿ ಪ್ರತಿಭೆಗೆ ಕೊರತೆಯಿರುವುದಿಲ್ಲ, ಹಣವನ್ನೂ ಹೇಗೋ ಹೊಂದಿಸಬಹುದು. ಸಿಗದಿರುವುದು ಎಲ್ಲರೂ ಒಟ್ಟಿಗೆ ಸೇರಬಲ್ಲ ಸಂಜೆಗಳು. ಆ ಸಂಜೆಗಳನ್ನು ಎಣಿಸಿ ಮುಗಿಸುವಷ್ಟರಲ್ಲಿ ಯಾವ ನಾಟಕವೆಂಬುದು ಅರ್ಧಕ್ಕಿಂತ ಹೆಚ್ಚು ತೀರ್ಮಾನವಾಗಿರುತ್ತದೆ.

ಎಣಿಕೆ ಹೀಗೆ. ರಂಗದ ಮೇಲಿನ ಒಂದು ನಿಮಿಷಕ್ಕೆ ಒಂದು ಗಂಟೆಯ ತಾಲೀಮು ಬೇಕೆಂದು ನಾನು ಲೆಕ್ಕ ಹಿಡಿಯುತ್ತೇನೆ. ಹೊಸಬರೇ ಹೆಚ್ಚಿದ್ದರೆ ಇನ್ನಷ್ಟು. 40 ನಿಮಿಷದ ನಾಟಕಕ್ಕೆ 40 ಗಂಟೆ, ಅಂದರೆ ದಿನಕ್ಕೆ ಎರಡು ಗಂಟೆಯಂತೆ 20 ಸಂಜೆಗಳು. ಸುಮಾರು 16 ವಾರಗಳ ಸೆಮಿಸ್ಟರಿನಲ್ಲಿ ಇದೇನು ಮಹಾ ಎನ್ನಿಸುತ್ತದೆ. ಆದರೆ ಪ್ರವೇಶಾತಿ ಮುಗಿಯದ ಮೊದಲ ವಾರಗಳು, ಆಂತರಿಕ ಪರೀಕ್ಷೆಗಳು ಮತ್ತು ಅವುಗಳ ಹಿಂದಿನ ದಿನಗಳು, ಕಾಲೇಜಿನ ಹಬ್ಬ, ಪ್ರಾಯೋಗಿಕ ಪರೀಕ್ಷೆ, ಊರಿಗೆ ಹೋಗಲೇಬೇಕಾದ ಗೌರಿ–ಗಣೇಶ ಮತ್ತು ದಸರಾ, ಇಷ್ಟನ್ನು ಕಳೆದರೆ ಉಳಿಯುವುದು ನಡುವಿನ ಐದಾರು ವಾರಗಳು ಮಾತ್ರ. ಆ ವಾರಗಳಲ್ಲಿಯೂ ಹೆಣ್ಣುಮಕ್ಕಳ ಹಾಸ್ಟೆಲಿನ ಬಾಗಿಲು ಮುಚ್ಚುವ ಹೊತ್ತೇ ತಾಲೀಮು ಮುಗಿಯುವ ಹೊತ್ತು. ವಾರ್ಡನ್ನರಿಂದ ದಿನವೂ ವಿಶೇಷ ಅನುಮತಿ ಬೇಡುವ ತಂಡದಲ್ಲಿ ಹುಡುಗಿಯರು ಒಬ್ಬೊಬ್ಬರಾಗಿ ಹಿಂದೆ ಸರಿಯುತ್ತಾರೆ. ಆಮೇಲೆ ‘ಸ್ತ್ರೀಪಾತ್ರಕ್ಕೆ ಯಾರೂ ಸಿಗುವುದಿಲ್ಲ’ ಎಂದು ಗೊಣಗುವುದರಲ್ಲಿ ಅರ್ಥವಿಲ್ಲ.

ಇಷ್ಟು ತಿಳಿದ ಮೇಲೆ, ನಿರ್ದೇಶಕರ ಕೈಗೆ ರಂಗಪಠ್ಯ ಹೋಗುವ ಮೊದಲೇ ಸಂಯೋಜಕನು ಒಂದು ಕೋಷ್ಟಕವನ್ನು ಬರೆದಿಟ್ಟುಕೊಳ್ಳಬೇಕು. ಎಡಗಡೆ ಮೇಲಿನಿಂದ ಕೆಳಕ್ಕೆ ದೃಶ್ಯಗಳು, ಮೇಲ್ಗಡೆ ಅಡ್ಡಕ್ಕೆ ಪಾತ್ರಗಳು. ಯಾವ ದೃಶ್ಯದಲ್ಲಿ ಯಾರಿದ್ದಾರೋ ಆ ಮನೆಯಲ್ಲಿ ಒಂದು ಗುರುತು. ಅದರ ಪಕ್ಕದಲ್ಲಿಯೇ ಯಾರಿಗೆ ಯಾವ ದಿನ ಲ್ಯಾಬ್, ಯಾರಿಗೆ ಸಂಜೆಯ ಕೆಲಸ ಎಂಬ ಪಟ್ಟಿ. ಎರಡನ್ನೂ ಒಟ್ಟಿಗೆ ನೋಡಿದರೆ ಮಂಗಳವಾರ ಮೂರನೆಯ ದೃಶ್ಯವನ್ನು ಮಾತ್ರ ತೆಗೆದುಕೊಳ್ಳಬಹುದು, ಅದಕ್ಕೆ ನಾಲ್ವರು ಬಂದರೆ ಸಾಕು ಎಂಬುದು ಕಣ್ಣಿಗೆ ಬೀಳುತ್ತದೆ. ಎಲ್ಲರೂ ದಿನವೂ ಬಂದು ಕುಳಿತಿರಬೇಕು, ಹಾಗಿದ್ದರೇ ಶಿಸ್ತು ಬರುವುದು ಎಂದು ನಂಬುವ ನಿರ್ದೇಶಕರಿದ್ದಾರೆ, ಅವರೊಡನೆ ನಾನು ವಾದಕ್ಕೆ ನಿಲ್ಲುತ್ತೇನೆ. ಎರಡು ಮಾತಿನ ದೂತನ ಪಾತ್ರಧಾರಿಯನ್ನು ದಿನವೂ ಎರಡು ಗಂಟೆ ಗೋಡೆಗೊರಗಿಸಿ ಕೂರಿಸಿದರೆ ಅವನು ಕಲಿಯುವುದು ಮೊಬೈಲು ನೋಡುವುದನ್ನು. ಕೊನೆಯ ವಾರದ ಪೂರ್ಣ ತಾಲೀಮುಗಳಿಗೂ ವೇಷ, ಬೆಳಕು ಸಮೇತ ನಡೆಸುವ ಗ್ರ್ಯಾಂಡ್ ರಿಹರ್ಸಲ್ಲಿಗೂ ಯಾರೂ ತಪ್ಪಿಸಿಕೊಳ್ಳುವಂತಿಲ್ಲ ಎಂಬ ಮಾತನ್ನು ಮಾತ್ರ ಪಾತ್ರ ಹಂಚುವ ದಿನವೇ, ದಿನಾಂಕಗಳ ಸಮೇತ, ಒಪ್ಪಿಸಿಕೊಂಡಿರಬೇಕು.

ಈ ಕಾರಣಕ್ಕಾಗಿಯೇ ಹೊಸ ತಂಡಗಳಿಗೆ ನಾನು ಮೇಳವಿರುವ ನಾಟಕಗಳನ್ನು ಸೂಚಿಸುತ್ತೇನೆ. ಹಾಡುತ್ತ, ಗುಂಪಾಗಿ ಚಲಿಸುತ್ತ, ಬೇಕಾದಾಗ ಮರವೂ ಮಾರುಕಟ್ಟೆಯೂ ಆಗಬಲ್ಲ ಮೇಳದಲ್ಲಿ ಹತ್ತು ಜನರಿದ್ದು ಇಬ್ಬರಿಗೆ ಜ್ವರ ಬಂದರೂ ಪ್ರಯೋಗ ನಿಲ್ಲುವುದಿಲ್ಲ. ಅದೇ ಇಬ್ಬರು ಮೂವರು ದಿವಾನಖಾನೆಯಲ್ಲಿ ಕುಳಿತು ಮಾತನಾಡುವ ನಾಟಕವು ನೋಡಲು ಸುಲಭವೆನಿಸಿದರೂ ಒಬ್ಬ ಬಾರದಿದ್ದರೆ ಆ ಸಂಜೆಯೇ ವ್ಯರ್ಥ. ಯುವಜನೋತ್ಸವದ ಸ್ಪರ್ಧೆಗೆಂದೇ ಸಿದ್ಧವಾಗುವವರ ಮಾತು ಬೇರೆ. ಭಾರತೀಯ ವಿಶ್ವವಿದ್ಯಾಲಯಗಳ ಒಕ್ಕೂಟದ ಉತ್ಸವಗಳಲ್ಲಿ ಏಕಾಂಕಕ್ಕೆ 30 ನಿಮಿಷ, ನಟರು ಒಂಬತ್ತು, ಹಿನ್ನೆಲೆಗೆ ಮೂವರು ಎಂಬ ಮಿತಿಯಿರುವುದರಿಂದ ದೊಡ್ಡ ಮೇಳದ ನಾಟಕವನ್ನು ಅಲ್ಲಿಗೆ ಒಯ್ಯಲಾಗದು.

ನಾಟಕಕಾರರ ಅನುಮತಿಯ ವಿಷಯವನ್ನು ಕಾಲೇಜುಗಳಲ್ಲಿ ಬಹಳ ಮಂದಿ ಲೆಕ್ಕಕ್ಕೇ ತೆಗೆದುಕೊಳ್ಳುವುದಿಲ್ಲ. 1957ರ ಕೃತಿಸ್ವಾಮ್ಯ ಕಾಯಿದೆಯು ವಿದ್ಯಾಸಂಸ್ಥೆಗಳಿಗೆ ಒಂದು ವಿನಾಯಿತಿ ಕೊಟ್ಟಿದೆ: ಆ ಸಂಸ್ಥೆಯ ಚಟುವಟಿಕೆಯ ಭಾಗವಾಗಿ ಅಲ್ಲಿಯ ವಿದ್ಯಾರ್ಥಿಗಳೋ ಸಿಬ್ಬಂದಿಯೋ ಆಡಿ, ಪ್ರೇಕ್ಷಕರು ಅಲ್ಲಿನವರೂ ಪೋಷಕರೂ ಸಂಸ್ಥೆಯೊಡನೆ ನೇರ ಸಂಬಂಧವಿರುವವರೂ ಮಾತ್ರ ಆಗಿದ್ದರೆ ಅದು ಉಲ್ಲಂಘನೆಯಲ್ಲ. ಅದೇ ನಾಟಕವನ್ನು ಊರಿನ ರಂಗಮಂದಿರಕ್ಕೆ ತಂದು ಟಿಕೆಟಿಟ್ಟ ದಿನ ಈ ವಿನಾಯಿತಿ ಕೈಗೆ ಬರುವುದಿಲ್ಲ. ಲೇಖಕರು ತೀರಿಕೊಂಡ ವರ್ಷದ ನಂತರ 60 ವರ್ಷಗಳವರೆಗೆ ಹಕ್ಕು ಅವರ ವಾರಸುದಾರರಲ್ಲಿರುತ್ತದೆ. 1946ರಲ್ಲಿ ತೀರಿಕೊಂಡ ಕೈಲಾಸಂ ಅವರ ನಾಟಕಗಳು ಈ ಅವಧಿಯನ್ನು ದಾಟಿವೆ. 1994ರಲ್ಲಿ ನಿಧನರಾದ ಕುವೆಂಪು ಅವರವು ದಾಟಿಲ್ಲ. ಷೇಕ್ಸ್‌ಪಿಯರನ ನಾಟಕಕ್ಕೆ ಯಾರ ಅಪ್ಪಣೆ ಎಂದು ನಗುವವರಿಗೆ ನಾನು ನೆನಪಿಸುವುದೆಂದರೆ, ಅವರ ಕೈಯಲ್ಲಿರುವುದು ಕನ್ನಡ ಅನುವಾದ, ಅನುವಾದಕರಿಗೂ ಅಷ್ಟೇ ಹಕ್ಕಿದೆ. ಒಂದು ವಿನಯದ ಪತ್ರ ಬರೆದರೆ ಕೆಲಸವಾಗುತ್ತದೆ; ಆಹ್ವಾನಪತ್ರಿಕೆ ಅಚ್ಚಾಗುವ ಮೊದಲು ಬರೆಯಬೇಕು, ಅಷ್ಟೇ.

ಸಭಾಂಗಣದ ವಿಚಾರದಲ್ಲಿ ನನ್ನ ಸಲಹೆ, ಕತ್ತಲಾಗುವ ಹೊತ್ತಿಗೆ ಒಮ್ಮೆ ಹೋಗಿ ಖಾಲಿ ರಂಗದ ಮೇಲೆ ನಿಲ್ಲಿ ಎಂಬುದು. ಕಾಲೇಜು ಸಭಾಂಗಣಗಳನ್ನು ಭಾಷಣಕ್ಕೆಂದು ಕಟ್ಟಿರುತ್ತಾರೆ: ನಟರು ಮರೆಯಲ್ಲಿ ಕಾಯಲು ರಂಗದ ಪಕ್ಕದಲ್ಲಿ ಸೈಡ್ ವಿಂಗ್ ಇರುವುದಿಲ್ಲ, ವೇದಿಕೆಯ ಆಳ ಸಾಲದು, ಹಿಂದಿನ ಸಾಲಿಗೆ ಮಾತು ತಲುಪುವಷ್ಟರಲ್ಲಿ ಫ್ಯಾನುಗಳ ಸದ್ದು ನುಂಗಿರುತ್ತದೆ. ವಿದ್ಯುತ್ತಿನ ಲೆಕ್ಕವನ್ನಂತೂ ಕಾಗದದ ಮೇಲೆ ಹಾಕಲೇಬೇಕು. ರಂಗದ ಬೆಳಕಿಗೆಂದು ಬಾಡಿಗೆಗೆ ಬರುವ ಹಳೆಯ ಮಾದರಿಯ ಪಾರ್ ಲೈಟ್ ಒಂದಕ್ಕೆ 1000 ವಾಟ್. ಆರು ಹಚ್ಚಿದರೆ 6000 ವಾಟ್, ಅಂದರೆ 230 ವೋಲ್ಟಿನಲ್ಲಿ 26 ಆಂಪಿಯರ್. ಗೋಡೆಯ ದಪ್ಪ ಸಾಕೆಟ್ಟಿನ ತಾಳಿಕೆ 16 ಆಂಪಿಯರ್ ಮಾತ್ರ. ಮೂರು ಲೈಟುಗಳವರೆಗೆ ಎಲ್ಲವೂ ಸರಿಯಿದ್ದು, ಕೊನೆಯ ದೃಶ್ಯಕ್ಕೆ ಎಲ್ಲವನ್ನೂ ಏರಿಸಿದೊಡನೆ ಸಭಾಂಗಣವೇ ಕತ್ತಲಾಗುವುದು ಈ ಕಾರಣಕ್ಕೆ. ಮುಖ್ಯ ಪ್ಯಾನೆಲಿನಿಂದ ಪ್ರತ್ಯೇಕ ಸಂಪರ್ಕ ಬೇಕು, ಪ್ರದರ್ಶನ ಮುಗಿಯುವವರೆಗೂ ಕಾಲೇಜಿನ ಎಲೆಕ್ಟ್ರಿಷಿಯನ್ ಸ್ಥಳದಲ್ಲಿರಬೇಕು. ಎಲ್‌ಇಡಿ ಲೈಟುಗಳು ಸಿಕ್ಕರೆ ಈ ತಲೆನೋವು ಬಹುತೇಕ ಇಲ್ಲ.

ರಂಗಸಜ್ಜಿಕೆ ಕಡಿಮೆಯಿದ್ದಷ್ಟೂ ಒಳ್ಳೆಯದು. ಹೆಗ್ಗೋಡಿನ ರಂಗಸಂಸ್ಥೆ ನೀನಾಸಂ 1985ರಿಂದ ನಡೆಸಿಕೊಂಡು ಬಂದಿರುವ ಸಂಚಾರಿ ತಂಡ ‘ತಿರುಗಾಟ’ವು ಊರಿಂದೂರಿಗೆ ಹೋಗಿ, ಅಳತೆಯಲ್ಲಿ ಒಂದರಂತೆ ಒಂದಿರದ ರಂಗಗಳ ಮೇಲೆ ಅದೇ ಸಜ್ಜಿಕೆಯನ್ನು ಕಟ್ಟಿ ಬಿಚ್ಚುತ್ತದೆ. ನಿಮ್ಮೂರಿನ ಹತ್ತಿರ ಬಂದಾಗ ನಾಟಕವನ್ನು ನೋಡಿ ಎದ್ದುಬಿಡದೆ, ಮುಗಿದ ಮೇಲೆ ಅವರು ಬಿಚ್ಚುವುದನ್ನೂ ನಿಂತು ನೋಡಿ. ಪರಿಕರಗಳಿಗೆ ವಿಂಗಿನಲ್ಲಿ ಒಂದು ಮೇಜು ಇಟ್ಟು, ಅದರ ಮೇಲೆ ಕಂದು ಕಾಗದ ಹಾಸಿ, ಲಾಟೀನು, ಪತ್ರ, ಊರುಗೋಲು ಹೀಗೆ ಪ್ರತಿಯೊಂದರ ಸುತ್ತಲೂ ಗೆರೆ ಎಳೆದು ಹೆಸರು ಬರೆದಿಟ್ಟರೆ, ನಾಟಕ ಆರಂಭವಾಗುವ ಮೂರನೆಯ ಬೆಲ್ಲಿಗೆ ಮುಂಚೆ ಖಾಲಿಯಿರುವ ಗೆರೆ ಯಾವುದೆಂದು ಒಂದೇ ನೋಟಕ್ಕೆ ತಿಳಿಯುತ್ತದೆ. ವೇಷಭೂಷಣವನ್ನು ಬಾಡಿಗೆಗೆ ತರುವವರು ನವೆಂಬರಿನಲ್ಲಿ ರಾಜ್ಯೋತ್ಸವಗಳು, ಡಿಸೆಂಬರಿನಿಂದ ಶಾಲಾ ವಾರ್ಷಿಕೋತ್ಸವಗಳು ಇರುವುದನ್ನು ನೆನಪಿಟ್ಟುಕೊಂಡು ಮುಂಗಡ ಕೊಡಬೇಕು. ಹಣ ಒಬ್ಬರ ಕೈಯಲ್ಲಿರಲಿ, ಲೆಕ್ಕದ ಪುಸ್ತಕ ಇನ್ನೊಬ್ಬರ ಕೈಯಲ್ಲಿರಲಿ.

ಪ್ರದರ್ಶನದ ರಾತ್ರಿ ಯಾರು ಉಳಿಯುತ್ತಾರೆಂಬುದನ್ನೂ ಆ ಮೊದಲಿನ ಕೋಷ್ಟಕದಲ್ಲಿಯೇ ಬರೆದುಬಿಡಿ. ಚಪ್ಪಾಳೆಯ ನಂತರ ಫೋಟೊ, ಪ್ರಾಂಶುಪಾಲರ ಮೆಚ್ಚುಗೆ, ಮನೆಯವರ ಸಡಗರ ಎಲ್ಲವೂ ಇರುತ್ತದೆ. ಪಾತ್ರಧಾರಿಗಳನ್ನು ಆ ಹೊತ್ತಿನಲ್ಲಿ ಹಿಡಿದಿಡಲಾಗದು, ಹಿಡಿದಿಡಲೂ ಬಾರದು. ಅಭಿನಯಿಸದ ನಾಲ್ಕೈದು ಮಂದಿ ಮೊದಲೇ ಒಪ್ಪಿಕೊಂಡಿದ್ದರೆ ಲೆವೆಲ್ಲುಗಳು (ರಂಗದ ಮೇಲಿಡುವ ಎತ್ತರದ ಹಲಗೆಕಟ್ಟೆಗಳು) ಗೋದಾಮಿಗೂ ಲೈಟುಗಳು ಬಾಡಿಗೆಯವರ ಟೆಂಪೋಗೂ ಸೇರುತ್ತವೆ, ಮರುದಿನ ಬೆಳಿಗ್ಗೆ ಒಂಬತ್ತಕ್ಕೆ ಅಲ್ಲಿ ಸೆಮಿನಾರು ಇದ್ದರೂ ಯಾರೂ ದೂರು ಹೇಳುವಂತಿರುವುದಿಲ್ಲ.